ದುರುಗವ್ವನ ಹೊಳೆ, ಕೊಟ್ರಯ್ಯನ ಸಂದಿ

ಕಂಪ್ಲಿಯ ಚರಿತ್ರೆ ಹೇಳುವವರಿಗೆ ಬರವಿಲ್ಲ. ಕೋಟೆ ಕಟ್ಟಿದವರು ಯಾರು, ಕೆಡವಿದವರು ಯಾರು, ಯಾವ ರಾಜ ಯಾವ ಬಾಗಿಲಿನಿಂದ ಪಾರಾದ ಎಂದು ಕೈ ಬೀಸಿ ಹೇಳುತ್ತಾರೆ. ಅದೇ ಕೈಯನ್ನು ಹೊಳೆಯ ಕಡೆ ತಿರುಗಿಸಿ ನಮ್ಮ ಗಡ್ಡಿಯನ್ನು ತೋರಿಸಿದ ಒಬ್ಬನನ್ನೂ ನಾನು ಈ ವಯಸ್ಸಿನ ತನಕ ಕಂಡಿಲ್ಲ. ತುಂಗಭದ್ರೆ ಎರಡು ಸೀಳಾಗಿ ಹರಿದು ಮತ್ತೆ ಕೂಡುತ್ತಾಳಲ್ಲ, ಆ ನಡುವೆ ಎದ್ದ ನೆಲ ನಮ್ಮದು. ಪುಸ್ತಕದವರು ನಡುಗಡ್ಡೆ ಎನ್ನುತ್ತಾರೆ, ನಾವು ಹುಣಸಿಗಡ್ಡಿ ಎನ್ನುತ್ತೇವೆ. ಬೊಂಬಾಯಿಗೆ ಬಟ್ಟೆ ಗಿರಣಿಯ ಕೆಲಸಕ್ಕೆ ಹೋಗಿ ಬಂದವನೊಬ್ಬ ನಮ್ಮವರ ಮುಂದೆ ಮೀಸೆ ತಿರುವುತ್ತಿದ್ದ: "ಬೊಂಬಾಯಿನೂ ಸಮುದ್ರದಾಗಿನ ಗಡ್ಡೀನ ಐತ್ರಲೇ. ಅದು ಎಂಥಾ ಶಹರ ಆತು! ನಿಮ್ಮ ಗಡ್ಡಿ ಬಾಳಿಗೊನಿ ಬಿಟ್ಟು ಮತ್ತೇನು ಹಡೀತು?" ಬೊಂಬಾಯಿಗೆ ಸುತ್ತಲೂ ಇರುವುದು ಬರೀ ನೀರು. ನಮಗೆ ಆ ದಂಡೆಗೆ ನಿಜಾಮನ ಸರ್ಕಾರ, ಈ ದಂಡೆಗೆ ಮದ್ರಾಸಿನ ಸರ್ಕಾರ, ನಡುವೆ ನೀರು. ಮೂರಕ್ಕೂ ಸೊಪ್ಪು ಹಾಕದೆ ಬದುಕಿದೆವು. ಬದುಕಿಸಿದ್ದು ಹರಿಗೋಲು.

ಹರಿಗೋಲು ಎಂದರೆ ಈಗಿನವರಿಗೆ ಹಂಪಿಯಲ್ಲಿ ಕುಂತು ಗರಗರ ತಿರುಗುವ ಆಟ. ಆಗ ಅದು ನಮ್ಮ ಕಾಲು. ಬಾಳೆಗೊನೆ ಸಂತೆಗೆ ಹೋಗಬೇಕಾದರೂ, ಹೆಣ ಸುಡುಗಾಡಿಗೆ ಹೋಗಬೇಕಾದರೂ ಅದೇ. ಮೇದಾರರು ಬಿದಿರಿನಲ್ಲಿ ದೊಡ್ಡ ಬುಟ್ಟಿ ಹೆಣೆದು ಕೊಡುತ್ತಿದ್ದರು. ಕಂಪ್ಲಿಯ ಮಾದರ ಹುಲುಗಪ್ಪ ಅದಕ್ಕೆ ಎಮ್ಮೆಯ ತೊಗಲು ಹೊಲಿದು ಹೊದಿಸುತ್ತಿದ್ದ. ಹೊಲಿಗೆ ಬಿಟ್ಟರೆ, ತೊಗಲು ಸವೆದರೆ ಮತ್ತೆ ಅವನ ಹತ್ತಿರವೇ ಹೊತ್ತುಕೊಂಡು ಹೋಗಬೇಕು. ಅವನ ಕುಣಿಯಲ್ಲಿ ನೆನೆಸಿ ಮೆತ್ತಗೆ ಮಾಡಿದ ತೊಗಲನ್ನಷ್ಟೇ ಸೂಜಿ ಕೇಳುತ್ತದೆ. ಕುಣಿಯನ್ನು ಹೊತ್ತುಕೊಂಡು ಅವನು ಹೊಳೆಗೆ ಬರಲು ಬರುತ್ತದೆಯೇ?

ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ. ಹರಿಗೋಲು ನೀರಿನಲ್ಲಿರುವ ತನಕ ಅದು ತೊಗಲಲ್ಲ, ಗಂಗವ್ವನ ಮಡಿಲು. ಅದರಲ್ಲಿ ಅಯ್ಯನೂ ಮಾದರವನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಂತರೂ ಯಾರ ಮಡಿಯೂ ಕೆಡುವುದಿಲ್ಲ. ಹತ್ತುವಾಗ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಇಳಿದ ಮೇಲೆ ಒಂದು ಬೊಗಸೆ ನೀರು ತಲೆಗೆ ಚಿಮುಕಿಸಿಕೊಳ್ಳಬೇಕು, ಅಷ್ಟೇ. ಅದೇ ಹರಿಗೋಲು ದಂಡೆ ಹತ್ತಿದ ಗಳಿಗೆಗೆ ಸತ್ತ ಎಮ್ಮೆಯ ತೊಗಲು. ಅಂಬಿಗನನ್ನು ಬಿಟ್ಟು ಯಾರೂ ಮುಟ್ಟುವವರಲ್ಲ. "ನೀರಾಗ ಗಂಗವ್ವ, ದಂಡಿಗೆ ತೊಗಲು" ಎಂದು ಗಾದೆಯೇ ಇತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿ ಬರೀ ಮರಳು ಬಿದ್ದಾಗ ಏನು ಮಾಡುತ್ತಿದ್ದರು ಎಂದು ಕೇಳಬಹುದು. ಮರಳಿನ ಮೇಲೆ ಒಣಗಿ ಕುಂತ ಹರಿಗೋಲಿಗೂ ಮೈಲಿಗೆ ಇರಲಿಲ್ಲ. ಗಂಗವ್ವ ಹರಿದ ಜಾಗ ಆಕೆ ಇದ್ದರೂ ಆಕೆಯದು, ಇಲ್ಲದಿದ್ದರೂ ಆಕೆಯದು.

ದುರುಗವ್ವ ನಮ್ಮ ಗಡ್ಡಿಯ ಅಂಬಿಗರ ಸೊಸೆ. ಗಂಡ ಪ್ಲೇಗಿನಲ್ಲಿ ಹೋದಾಗ ಆತನ ಹುಟ್ಟನ್ನು ಗೋಡೆಯ ಗೂಟಕ್ಕೆ ಸಿಗಿಸಲಿಲ್ಲ, ಕೈಗೆ ತೆಗೆದುಕೊಂಡಳು. ಕುಲದ ಹಿರಿಯರು ಹುಣಸೆಮರದ ಕೆಳಗೆ ಕೂಡಿ, "ಹೆಣ್ಣು ಹುಟ್ಟು ಹಾಕಿದ್ರ ಗಂಗವ್ವ ಮುನೀತಾಳ" ಎಂದರಂತೆ.

"ಗಂಗವ್ವ ಏನು ಗಂಡಸೇನ್ರಿ, ಮುನಿಯಾಕ?" ಎಂದಳಂತೆ ಈಕೆ.

ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು. ನಮ್ಮ ಅಪ್ಪ ಜಂಬಯ್ಯ ಆಕೆಯ ಹರಿಗೋಲಿನಲ್ಲಿ ಎರಡನೇ ಹುಟ್ಟು ಹಾಕುತ್ತಿದ್ದವನು. ಈ ಕಥೆಯ ಮುಕ್ಕಾಲು ಪಾಲು ಅವನ ಬಾಯಿಯದು. ಮಿಕ್ಕ ಕಾಲು ಪಾಲನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ದುರುಗವ್ವ ಎತ್ತರದ ಹೆಂಗಸಲ್ಲ. ಹರಿಗೋಲು ಬೋರಲು ಮಾಡಿ ತಲೆಗೆ ಹೊತ್ತು ನಡೆದರೆ ಆಕೆ ಕಾಣುತ್ತಲೇ ಇರಲಿಲ್ಲ, ದೊಡ್ಡ ಕರಿ ಆಮೆಯೊಂದು ಎದ್ದು ನಡೆದುಬಂದಂತೆ ಇರುತ್ತಿತ್ತು. ಆಮೆಯ ಒಳಗಿನಿಂದ ಬೈಗುಳ ಮಾತ್ರ ಕೇಳಿಸುತ್ತಿತ್ತು.

ಕಂಪ್ಲಿಯ ದಂಡೆಯಲ್ಲಿ ಇಳಿದವರು ಹುಲುಗಪ್ಪನ ಕೇರಿಗೆ ಹೋಗಲು ಇದ್ದದ್ದು ಒಂದೇ ಸರಿಯಾದ ದಾರಿ, ಕೊಟ್ರಯ್ಯನ ಸಂದಿ. ಒಂದು ಕಡೆ ಕೊಟ್ರಯ್ಯನ ಅಕ್ಕಿ ಗಿರಣಿ, ಇನ್ನೊಂದು ಕಡೆ ಅವನ ಮನೆ, ನಡುವೆ ಹರಿಗೋಲೊಂದು ಹಿಡಿಯುವಷ್ಟು ಅಗಲದ ಸಂದಿ. ಅವನ ಅಪ್ಪನ ಕಾಲದಲ್ಲಿ, ಅಜ್ಜನ ಕಾಲದಲ್ಲಿ ಯಾರೂ ಒಂದು ಮಾತು ಅಂದಿರಲಿಲ್ಲ. ಜರ್ಮನಿಯವರ ಮೊದಲ ಯುದ್ಧ ಮುಗಿದ ಮೇಲೆ ಕೊಟ್ರಯ್ಯ ಎಣ್ಣೆ ಎಂಜಿನ್ನು ತರಿಸಿ ಗಿರಣಿ ಹಾಕಿದ. ಎಂಜಿನ್ನು ಡುಗ್ ಡುಗ್ ಅಂದಂತೆಲ್ಲ ಅವನ ಎದೆಯೂ ಉಬ್ಬಿತು. ಮನೆಗೆ ಹೊಸ ಪೂಜೆ ಕೋಣೆ ಕಟ್ಟಿಸಿದ, ಅದಕ್ಕೆ ಸಂದಿಯ ಕಡೆ ಕಿಟಕಿ ಇಡಿಸಿದ. ಕಿಟಕಿ ಇಟ್ಟ ಮೇಲೆ ಗೊತ್ತಾಯಿತು, ತೊಗಲಿಗೆ ನಾತ ಇದೆ ಎಂದು. ಅವರ ಕುಲದ ಹಿರಿಯರು ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಎಂದು ಹೇಳಿಹೋಗಿದ್ದರಂತೆ. ಆ ಮಾತು ಉಳಿದ ಮನೆಗಳಿಗೆ ಮುಟ್ಟಿತ್ತೇನೋ, ಎಂಜಿನ್ನಿನ ಸದ್ದಿನಲ್ಲಿ ಕೊಟ್ರಯ್ಯನಿಗೆ ಕೇಳಿಸಿರಲಿಲ್ಲ.

ಒಂದು ದಿನ ದುರುಗವ್ವ ಹೊಲಿಗೆ ಬಿಟ್ಟ ಹರಿಗೋಲು ಹೊತ್ತು ಸಂದಿಯ ಬಾಯಿಗೆ ಬಂದಾಗ ಅಡ್ಡಕ್ಕೆ ಜಾಲಿಮುಳ್ಳಿನ ಬೇಲಿ ಬಿದ್ದಿತ್ತು. ಹಿಂದೆ ಕೊಟ್ರಯ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

"ಇನ್ನ ಮ್ಯಾಲೆ ಈ ದಾರಿ ಇಲ್ಲ, ದುರುಗಿ. ದೇವರ ಕ್ವಾಣಿ ಮುಂದ ಸತ್ತದ್ದರ ತೊಗಲು ತಗಂಡು ಹೋಗಾಕ ಬಿಡಂಗಿಲ್ಲ."

ಆಮೆಯ ಒಳಗಿನಿಂದ ಮಾತು ಬಂತು. "ಸಾವ್ಕಾರ್ರ, ನಿಮ್ಮ ಕಾಲಾಗಿನ ಕೆರ ಬಾಳಿ ಎಲಿದೇನ್ರಿ?"

"ಕೆರ ಕಾಲಾಗ ಇಟ್ಟೀನಿ. ನಿನ್ನಂಗ ತಲಿ ಮ್ಯಾಲೆ ಹೊತ್ತಿಲ್ಲ."

ಗಿರಣಿಯ ಬಾಗಿಲಲ್ಲಿ ಭತ್ತ ಅಳೆಯುತ್ತಿದ್ದವರು ಕಿಸಕ್ಕನೆ ನಕ್ಕರು. ಕೊಟ್ರಯ್ಯನ ನಾಲಿಗೆ ಮೊಂಡಾಗಿರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯಬೇಕು.

"ನಿಮ್ಮಪ್ಪಾರು ಬಿಟ್ಟಿದ್ರು, ನಿಮ್ಮಜ್ಜಾರು ಬಿಟ್ಟಿದ್ರು" ಎಂದಳು ದುರುಗವ್ವ. "ಗಡ್ಡಿ ಮಂದಿಗೆ ಬ್ಯಾರೆ ದಾರಿ ಎಲ್ಲೈತ್ರಿ?"

"ಜಾಲಿ ಹಳ್ಳ ಐತಲ್ಲ, ಅದರಾಗ ಹೋಗು. ನೀರಾಗ ಇದ್ದಾಗ ನಿನ್ನ ಹರಿಗೋಲು ಗಂಗವ್ವ ಅಂತ ನಾನೂ ಕೈ ಮುಗೀತೀನಿ. ಇದೇನು ಹೊಳಿ ಏನು? ಇದು ಸಂದಿ."

ದುರುಗವ್ವ ಹರಿಗೋಲನ್ನು ಸ್ವಲ್ಪ ಎತ್ತಿ ಮೊದಲ ಸಲ ಮುಖ ತೋರಿಸಿದಳು.

"ಆತ್ರಿ. ಸಂದಿ ಹೊಳಿ ಆದ ದಿನ ಬರ್ತೀನಿ" ಎಂದು ಹೇಳಿ ತಿರುಗಿದಳು.

ಜಾಲಿ ಹಳ್ಳ ಎಂದರೆ ಹೆಸರಿಗೆ ತಕ್ಕ ಜಾಗ. ಎರಡೂ ಕಡೆ ಜಾಲಿಯ ಪೊದೆ, ಕೆಳಗೆ ಚೂಪುಗಲ್ಲು. ಹರಿಗೋಲು ಹೊತ್ತವರು ನೆಟ್ಟಗೆ ನಿಂತು ನಡೆಯುವಂತಿಲ್ಲ. ಹುಲುಗಪ್ಪ ಹೊಲಿದು ಎಣ್ಣೆ ಉಣಿಸಿ ಕೊಟ್ಟ ತೊಗಲು ವಾಪಸು ಹೊಳೆ ಮುಟ್ಟುವಷ್ಟರಲ್ಲಿ ಹೊಸ ಗೀರು ಬಿದ್ದಿರುತ್ತಿತ್ತು. "ನಾನು ಹೊಲೀತೀನಿ, ಹಳ್ಳ ಬಿಚ್ಚತೈತಿ. ಇದು ಅತ್ತಿ ಸೊಸಿ ಸಂಸಾರ ಆತಲ್ಲಬೇ" ಎಂದು ಹುಲುಗಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ. ಮುಳ್ಳಿನ ತೂತು ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ.

ಆ ವರ್ಷ ಕಾರಹುಣ್ಣಿಮೆಯ ಸಂತೆಗೆ ಬಾಳೆಗೊನೆ ಹೇರಿಕೊಂಡು ಹೊರಟ ಹರಿಗೋಲೊಂದರ ತಳ ನಡುಹೊಳೆಯಲ್ಲಿ ಬಿಟ್ಟುಕೊಂಡಿತು. ಹುಟ್ಟು ಹಾಕುತ್ತಿದ್ದವನು ಪಾಲಪ್ಪ, ದುರುಗವ್ವನ ಬೆನ್ನಿಗೆ ಬಿದ್ದ ತಮ್ಮ. ಈಜು ಬರುತ್ತಿತ್ತು. ಗೊನೆಗಳನ್ನು ಕಟ್ಟಿದ ಹಗ್ಗ ಕಾಲಿಗೆ ಸುತ್ತಿಕೊಂಡಿದ್ದರಿಂದ ಈಜು ಕೆಲಸಕ್ಕೆ ಬರಲಿಲ್ಲ. ಗೊನೆಗಳು ತೇಲಿದವು, ಪಾಲಪ್ಪ ತೇಲಲಿಲ್ಲ. ಆ ಹರಿಗೋಲನ್ನು ಹಿಂದಿನ ದಿನವಷ್ಟೇ ಜಾಲಿ ಹಳ್ಳದ ದಾರಿಯಲ್ಲಿ ತಂದಿದ್ದರು.

ಮಣ್ಣು ಮಾಡಿ ಬಂದ ದುರುಗವ್ವ ನೆಟ್ಟಗೆ ಸಂದಿಯ ಬೇಲಿಯ ಹತ್ತಿರ ಹೋದಳು. ಕಣ್ಣಲ್ಲಿ ನೀರಿರಲಿಲ್ಲ ಎಂದು ನಮ್ಮ ಅಪ್ಪ ಹೇಳುತ್ತಿದ್ದ.

"ಒಂದು ಹೆಣ ಬಿತ್ತು ಸಾವ್ಕಾರ್ರ. ಬೇಲಿ ತಗೀತೀರೋ, ಇನ್ನೊಂದು ಬೇಕೋ?"

"ಹೊಳಿ ನುಂಗಿದ್ದಕ್ಕ ನಾನೇನು ಮಾಡ್ಲಿ? ಹೋಗಿ ಗಂಗವ್ವನ್ನ ಕೇಳು" ಎಂದು ಕೊಟ್ರಯ್ಯ ಕಿಟಕಿ ಹಾಕಿಕೊಂಡ.

ಅವತ್ತಿನಿಂದ ಹಗೆ ಎಂದರೆ ಹಗೆ. ಗಡ್ಡಿಯ ಒಂದು ಕಾಳು ಭತ್ತ ಅವನ ಗಿರಣಿಗೆ ಹೋಗಲಿಲ್ಲ. ನಮ್ಮ ಹೆಂಗಸರು ಮೂಲೆಗೆ ಸೇರಿದ್ದ ಒನಕೆಗಳನ್ನು ಮತ್ತೆ ಹೊರಗೆ ತೆಗೆದು, ಅವನ ಹೆಸರು ಹಿಡಿದು ಹಾಡು ಕಟ್ಟಿ ಕುಟ್ಟಿದರು. ಆ ಹಾಡನ್ನು ಇಲ್ಲಿ ಬರೆಯುವಂತಿಲ್ಲ, ಮನೆಯಲ್ಲಿ ಹೆಣ್ಣುಮಕ್ಕಳು ಓದುತ್ತಾರೆ. ನಿಜಾಮನ ಕಡೆಯಿಂದ ಅವನಿಗೆ ಬರುತ್ತಿದ್ದ ಭತ್ತವನ್ನು ನಮ್ಮ ಅಂಬಿಗರು ಮುಟ್ಟಲಿಲ್ಲ. ಅವನು ಬೇರೆ ಊರಿನ ಹರಿಗೋಲು ತರಿಸಿದ. ನಮ್ಮವರು ಅವಕ್ಕೆ ಸುಳಿ ಎಲ್ಲಿದೆ ಎಂದು ಹೇಳಲಿಲ್ಲ. ಸರ್ಕಾರದ ಕಡೆ ಹೋಗಿ ಹೇಳಿಕೊಂಡವರಿಗೆ, ಮೊದಲು ನಿಮ್ಮ ಗಡ್ಡಿ ಯಾವ ಸರ್ಕಾರದ್ದು ಅಂತ ತಿಳಕೊಂಡು ಬನ್ನಿ ಎಂಬ ಉತ್ತರ ಸಿಕ್ಕಿತು. ಕಂಪ್ಲಿಯವರು ನಮ್ಮನ್ನು ಕಂಡರೆ ಮೂಗು ಮುಚ್ಚಿಕೊಂಡರು. ನಾವು ಅವರನ್ನು ಕಂಡರೆ ಉಗುಳಿದೆವು. ಹೀಗೆ ಮಳೆಗಾಲ ಬಂತು.

ಮಳೆ ನಮ್ಮ ಕಡೆ ಬಿದ್ದದ್ದು ಕಡಿಮೆ, ಮೇಲಿನ ಸೀಮೆಯಲ್ಲಿ ಸುರಿದಿತ್ತು. ಶ್ರಾವಣದ ಒಂದು ಬೆಳಿಗ್ಗೆ ಹೊಳೆ ಕೆಂಪಾಗಿ ಗಡ್ಡಿಯ ಬಾಳೆತೋಟಕ್ಕೆ ಬಂತು, ಹೊತ್ತು ಏರುವಷ್ಟರಲ್ಲಿ ಗುಡಿಸಲಿನ ಹೊಸ್ತಿಲಿಗೆ ಬಂತು. ದುರುಗವ್ವ ಮತ್ತು ನಮ್ಮ ಅಪ್ಪ ಗಡ್ಡಿಯ ಮಂದಿಯನ್ನೆಲ್ಲ, ಕುರಿ ಕೋಳಿ ಸಮೇತ, ತಂಡ ತಂಡವಾಗಿ ಕಂಪ್ಲಿ ಕೋಟೆಯ ದಿಬ್ಬಕ್ಕೆ ಸಾಗಿಸಿದರು. ಕಡೆಯ ತಂಡವನ್ನು ಇಳಿಸಿ ಕೈಕಾಲು ಸೋತು ಕುಂತಾಗ ಯಾರೋ ಬೆರಳು ತೋರಿಸಿದರು.

ಕೋಟೆಯ ಮೇಲಿನಿಂದ ಕೊಟ್ರಯ್ಯನ ಮನೆ ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು. ಗಿರಣಿಯ ಎಂಜಿನ್ನು ಮುಳುಗಿ ಬಾಯಿ ಮುಚ್ಚಿತ್ತು. ಸಂದಿಯಲ್ಲಿ ನೀರು ಎದೆಯುದ್ದಕ್ಕೆ ನುಗ್ಗುತ್ತಿತ್ತು. ಜಾಲಿಯ ಬೇಲಿ ಎದ್ದು, ಮದವೇರಿದ ಕೋಣದಂತೆ ಅವನದೇ ಗೋಡೆಗೆ ಹೋಗಿ ಹೋಗಿ ಗುದ್ದುತ್ತಿತ್ತು. ಮಾಳಿಗೆಯ ಮೇಲೆ ಮೂವರು ನಿಂತಿದ್ದರು: ಕೊಟ್ರಯ್ಯ, ಅವನ ತಾಯಿ ಅಕ್ಕನಾಗಮ್ಮ, ದಿನ ತುಂಬಿದ ಹೆಂಡತಿ ಸಂಗಮ್ಮ. ಆಳುಗಳು ಬೆಳಿಗ್ಗೆಯೇ ಅವರವರ ಮನೆ ನೋಡಿಕೊಳ್ಳಲು ಓಡಿದ್ದರು. ಬೇರೆ ಊರಿನ ಹರಿಗೋಲುಗಳು ಗೂಟ ಕಿತ್ತು ಎಲ್ಲಿಗೋ ಹೋಗಿದ್ದವು. ಗೋಡೆ ಮಣ್ಣಿನದು. ಮಣ್ಣು ನೀರು ಕುಡಿದಷ್ಟು ಹೊತ್ತು ಅವರ ಆಯುಷ್ಯ. ಅಕ್ಕನಾಗಮ್ಮ ಸೆರಗು ಬೀಸುತ್ತಿದ್ದಳು.

ಗಡ್ಡಿಯವರು ನೋಡಿದರು. ಯಾರೂ ಅಲ್ಲಾಡಲಿಲ್ಲ.

"ಹೋಗಿ ಗಂಗವ್ವನ್ನ ಕೇಳು ಅಂದಿದ್ದ. ಈಗ ಗಂಗವ್ವನೇ ಅವನ ಮನಿಗೆ ಬಂದಾಳ, ಕೇಳಿಕೊಳ್ಳಲಿ" ಎಂದಳು ಪಾಲಪ್ಪನ ಹೆಂಡತಿ ಯಲ್ಲಕ್ಕ.

ದುರುಗವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. "ಜಂಬಣ್ಣ, ಹುಟ್ಟು ತಗಾ."

"ಎಲ್ಲಿಗಬೇ?" ಎಂದ ಅಪ್ಪ.

"ಸಂದಿ ಹೊಳಿ ಆಗೇತಿ. ಬರ್ತೀನಿ ಅಂತ ಮಾತು ಕೊಟ್ಟೀನಿ."

ಇದನ್ನು ಕೇಳಿದವರು ದುರುಗವ್ವನ ಕರುಣೆಗೆ ಕೈ ಮುಗಿಯುತ್ತಾರೆ. ಮುಗಿಯಬೇಡಿ. ಕರುಣೆ ಅಕ್ಕನಾಗಮ್ಮನ ಮೇಲೆ ಇತ್ತೇನೋ, ಬಸುರಿಯ ಮೇಲೆ ಇತ್ತೇನೋ. ಆಕೆಯನ್ನು ಎಬ್ಬಿಸಿದ್ದು ಸಿಟ್ಟು. ದಾರಿಯುದ್ದಕ್ಕೂ ಹಲ್ಲು ಕಡಿಯುವ ಸದ್ದು ಹುಟ್ಟಿನ ಸದ್ದಿಗಿಂತ ಜೋರಾಗಿತ್ತು ಎಂದು ಅಪ್ಪ ಹೇಳುತ್ತಿದ್ದ.

ಹರಿಗೋಲು ಸಂದಿಯ ಬಾಯಿಗೆ ಬಂತು. ದುರುಗವ್ವ ಗಿರಣಿಯ ಕಂಬ ಹಿಡಿದು ಅದನ್ನು ಅಲ್ಲೇ ನಿಲ್ಲಿಸಿದಳು.

"ಸಾವ್ಕಾರ್ರ! ಇದು ಸಂದಿನೋ, ಹೊಳಿನೋ?"

ಕೊಟ್ರಯ್ಯ ಮಾಳಿಗೆಯ ಮೇಲೆ ಮುಖ ಗಿರಣಿಯ ಕಡೆ ತಿರುಗಿಸಿದ.

"ಸಂದಿ ಅಂದ್ರ ತೊಗಲು ಒಳಗ ತರಂಗಿಲ್ರಿ, ನಿಮ್ಮ ದೇವರ ಕ್ವಾಣಿ ಐತಿ. ಹೊಳಿ ಅಂದ್ರ ತರ್ತೀನಿ. ಜಲ್ದಿ ಹೇಳ್ರಿ, ತೋಳು ಸೋಲ್ತಾವ."

ಕೊಟ್ರಯ್ಯ ತುಟಿ ಕಚ್ಚಿಕೊಂಡು ನಿಂತ. ಆ ಹೊತ್ತಿನಲ್ಲೂ ಅವನಿಗೆ ಸೋಲು ನೀರಿಗಿಂತ ಆಳವಾಗಿ ಕಂಡಿತು. ಅಕ್ಕನಾಗಮ್ಮ ಮಗನ ಮುಖ ನೋಡಿದಳು, ಸೊಸೆಯ ಹೊಟ್ಟೆ ನೋಡಿದಳು.

"ಹೊಳಿ ಐತೇ ನಮ್ಮವ್ವ, ಹೊಳಿ ಐತಿ! ತಾರೇ!" ಎಂದು ಕೂಗಿದಳು.

ಹರಿಗೋಲು ಸಂದಿಯೊಳಗೆ ಹೊಕ್ಕು ಮನೆಯ ಬಾಗಿಲಿಗೆ ಒತ್ತಿ ನಿಂತಿತು. ಅಕ್ಕನಾಗಮ್ಮ ಒಳಮೆಟ್ಟಿಲು ಇಳಿದು, ಮುಳುಗಿದ ಹೊಸ್ತಿಲ ಮೇಲೆ ನಿಂತು, ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದಳು. ಸಂಗಮ್ಮನೂ ಹಾಗೆಯೇ ಮಾಡಿದಳು. ಕಡೆಗೆ ಕೊಟ್ರಯ್ಯ ಬಂದ. ಬಗಲಲ್ಲಿ ಪೂಜೆಯ ಮಣೆ ಇತ್ತು.

"ಅದು ಯಾಕ್ರಿ?" ಎಂದಳು ದುರುಗವ್ವ.

"ಕುಂದ್ರಾಕ."

"ಮಣಿ ಮ್ಯಾಲೆ ಕುಂತವ ಉಳಿದವರಿಗಿಂತ ಎತ್ತರ ಆಗ್ತಾನ. ಎತ್ತರ ಆದವ ಹರಿಗೋಲು ಹೊಳ್ಳಿಸ್ತಾನ. ಮಣಿ ಬರ್ತೈತೋ, ನೀವು ಬರ್ತೀರೋ?"

ಮಣೆ ನೀರಿಗೆ ಬಿತ್ತು. ಅಂಚನ್ನು ಮಾತ್ರ ಅವನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿಲ್ಲ. ಪಂಚೆ ಎತ್ತಿಕಟ್ಟಿ, ತೊಗಲಿಗೆ ಕಾಲಿನ ಹೆಬ್ಬೆರಳಷ್ಟೇ ತಾಗುವ ಹಾಗೆ ತುದಿಗಾಲಲ್ಲಿ, ಕಾಲುವೆ ದಂಡೆಯ ಕೊಕ್ಕರೆಯಂತೆ ಕುಕ್ಕರಿಸಿದ. ದುರುಗವ್ವ ಅಪ್ಪನ ಕಡೆ ನೋಡಿದಳು. ಅಪ್ಪನಿಗೆ ಅರ್ಥವಾಯಿತು. ಸಂದಿಯ ಬಾಯಿ ದಾಟಿದ್ದೇ ತಡ, ಇಬ್ಬರೂ ಒಂದೇ ಕಡೆಗೆ ಹುಟ್ಟು ಹಾಕಿದರು. ಹರಿಗೋಲು ಗರ್ರನೆ ಒಂದು ಸುತ್ತು ತಿರುಗಿತು. ಕೊಕ್ಕರೆ ಕುಂಡೆ ಊರಿ ಬಿತ್ತು, ಎರಡೂ ಕೈಯಿಂದ ತೊಗಲನ್ನು ಬಾಚಿ ತಬ್ಬಿಕೊಂಡಿತು. ನಮ್ಮ ಅಪ್ಪ ಸಾಯುವ ಹಿಂದಿನ ವಾರವೂ ಇದನ್ನು ನೆನೆದು ನಕ್ಕಿದ್ದ.

"ಹಂಗ ಗಟ್ಟಿ ಹಿಡ್ಕಳ್ರಿ" ಎಂದಳು ದುರುಗವ್ವ. ಆಕೆ ನಗಲಿಲ್ಲ. "ಜಾಲಿ ಹಳ್ಳದಾಗ ಹೊತ್ತು ತಂದ ತೊಗಲಿದು. ಯಾವ ಕಡಿಗೆ ಮುಳ್ಳು ಹೊಕ್ಕೇತೋ ನನಗೂ ಗೊತ್ತಿಲ್ಲ. ಪಾಲಪ್ಪಗೂ ಗೊತ್ತಿರಲಿಲ್ಲ."

ಕೋಟೆ ಮುಟ್ಟುವ ತನಕ ಕೊಟ್ರಯ್ಯ ಕೂತಲ್ಲಿಂದ ಮಿಸುಕಲಿಲ್ಲ. ಹಿಂದೆ ಪೂಜೆ ಕೋಣೆಯ ಗೋಡೆ ಧೊಪ್ಪನೆ ಬಿದ್ದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ. ಆ ದಿನವೇ ಸಂಜೆಯೊಳಗೆ ಕೋಟೆಯ ಮಂಟಪದಲ್ಲಿ ಸಂಗಮ್ಮ ಗಂಡುಮಗು ಹಡೆದಳು. ಸೂಲಗಿತ್ತಿಯ ಕೆಲಸ ಮಾಡಿದವಳು ನಮ್ಮ ಯಲ್ಲಕ್ಕ, ಬೈಯುತ್ತಲೇ ಮಾಡಿದಳು.

ಹೊಳೆ ಇಳಿಯಿತು. ಇನ್ನು ಈ ಮನುಷ್ಯ ಬದಲಾದಾನು ಎಂದು ಗಡ್ಡಿಯವರು ಕಾದರು. ಕೊಟ್ರಯ್ಯ ಬಿದ್ದ ಗೋಡೆ ಕಟ್ಟಿಸುವ ಮೊದಲು, ಎಂಜಿನ್ನಿನ ಕೆಸರು ಬಳಿಸುವ ಮೊದಲು ಮಾಡಿಸಿದ ಕೆಲಸ ಯಾವುದು ಗೊತ್ತೇ? ಸಂದಿಗೆ ಬೇಲಿ. ಈ ಸಲ ಮುಳ್ಳಿನದಲ್ಲ, ಕಲ್ಲುಕಂಬ ನೆಟ್ಟು ಅಡ್ಡಮರ ಹಾಕಿಸಿದ. ಹೊಳೆಯಲ್ಲಿ ತಬ್ಬಿಕೊಂಡದ್ದು ಊರೆಲ್ಲ ಆಡಿ ನಕ್ಕಿತ್ತಲ್ಲ, ಆ ನಗೆಗೆ ಕಟ್ಟಿದ ಬೇಲಿ ಅದು.

ನಮ್ಮ ಗಂಡಸರು ಕೊಡಲಿ ಹುಡುಕಿದರು. ದುರುಗವ್ವ ಬೇಡವೆಂದಳು. ಕಂಪ್ಲಿಯ ಹಿರಿಯ ಜಡೆಪ್ಪನ ಹತ್ತಿರ ಹೋಗಿ ಪಂಚಾಯಿತಿ ಕೂಡಿಸಿ ಎಂದು ಕೇಳಿಕೊಂಡಳು. ಜಡೆಪ್ಪ ಕೊಟ್ರಯ್ಯನ ಕುಲದವನೇ, ಅವನಿಗೆ ದೂರದ ಮಾವನೂ ಹೌದು. ಶಾಸ್ತ್ರ ಬಿಡದ ಮನುಷ್ಯ. ಗಡ್ಡಿಯವರಿಗೆ ಇದು ಕುರಿ ಹೋಗಿ ಕಟುಕನ ಕಟ್ಟೆಯಲ್ಲಿ ನ್ಯಾಯ ಕೇಳಿದಂತೆ ಕಂಡಿತು.

ಬೇವಿನ ಕಟ್ಟೆಗೆ ಮಂದಿ ಕಿಕ್ಕಿರಿದು ಬಂದರು. ಕೊಟ್ರಯ್ಯ ಸಿದ್ಧವಾಗಿಯೇ ಬಂದಿದ್ದ. "ಬಡಿಗಿ ಹಿಡಿದು ಬರಲಿ, ಕೋರ್ಟಿಗೆ ಹೋಗಲಿ, ಸಂದಿ ಬಿಡಂಗಿಲ್ಲ" ಎಂದು ಮೊದಲೇ ಸಾರಿದ.

ದುರುಗವ್ವ ಸಂದಿಯ ಸುದ್ದಿಯನ್ನೇ ಎತ್ತಲಿಲ್ಲ. ಕಟ್ಟೆಯ ಮುಂದೆ ಬಂದು ನೆಲ ಮುಟ್ಟಿ ನಮಸ್ಕಾರ ಮಾಡಿದಳು.

"ನನ್ನಿಂದ ತಪ್ಪಾಗೇತ್ರಿ ಜಡೆಪ್ಪಾರ. ದಂಡ ಹಾಕ್ರಿ."

"ಏನು ತಪ್ಪವ್ವ?" ಎಂದ ಜಡೆಪ್ಪ.

"ಅಕ್ಕನಾಗಮ್ಮಾರನ್ನ, ಬಸುರಿ ಸಂಗಮ್ಮಾರನ್ನ ಅವರ ಬಾಗಿಲ ಮುಂದ, ಸಂದ್ಯಾಗ, ತೊಗಲ ಮ್ಯಾಲೆ ಕುಂದ್ರಿಸಿದ್ನಿ. ನಾನು ಅದನ್ನ ಹೊಳಿ ಅಂದ್ಕಂಡಿದ್ದೆ. ಸಾವ್ಕಾರ್ರು ಈಗ ಬೇಲಿ ಹಾಕ್ಯಾರ, ಅದು ಹೊಳಿ ಅಲ್ಲ, ಸಂದಿ ಅಂತ. ಅಂದ ಮ್ಯಾಲೆ ಅದು ದಂಡಿ ಆತು. ದಂಡ್ಯಾಗ ಕುಂತದ್ದು ಸತ್ತ ಎಮ್ಮಿ ಮ್ಯಾಲೆ. ಅವ್ವಾರ ಮೈಲಿಗಿ ನೀವೇ ಕಳೀರಿ, ನನ್ನ ದಂಡ ನಾನು ಕಟ್ತೀನಿ."

ಕಟ್ಟೆಯಲ್ಲಿ ಜೇನುಹುಟ್ಟಿಗೆ ಕಲ್ಲು ಬಿದ್ದಂತೆ ಗುಜುಗುಜು ಎದ್ದಿತು. ಮರುವಾರವೇ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹೊಸಪೇಟೆಯಿಂದ, ಸಂಡೂರಿನಿಂದ ಬೀಗರು ಬರುವವರಿದ್ದರು. ತಾಯಿಗೆ ತೊಗಲಿನ ಮೈಲಿಗೆ ಎಂದರೆ ಹೊಟ್ಟೆಯೊಳಗಿದ್ದ ಕೂಸಿಗೂ ಬಂತು, ಮನೆಯ ಒಲೆಗೂ ಬಂತು. ಆ ಮನೆಯ ಹೋಳಿಗೆಯನ್ನು ಯಾರು ಮುಟ್ಟುತ್ತಾರೆ?

ಜಡೆಪ್ಪ ಗಡ್ಡ ಕೆರೆದುಕೊಂಡ. "ಕೊಟ್ರಯ್ಯ, ಆಕಿ ಮಾತಿನ್ಯಾಗ ಸುಳ್ಳು ಇಲ್ಲ. ನೀನು ಹೇಳು. ಅವತ್ತು ಅದು ಸಂದಿ ಆಗಿತ್ತೋ, ಹೊಳಿ ಆಗಿತ್ತೋ?"

"ನೀರು ಬಂದಿತ್ರಿ ಮಾವ, ಹೋತು. ಈಗ ಅದು ಸಂದಿನೇ."

"ಬೇಸಿಗ್ಯಾಗ ಹೊಳಿ ನೀರೂ ಹೋಗತೈತಿ. ಮರಳ ಮ್ಯಾಲಿನ ಹರಿಗೋಲು ಮುಟ್ಟಿ ನಾವು ಯಾವತ್ತರ ಜಳಕ ಮಾಡೀವೇನು? ಗಂಗವ್ವ ಹರಿದದ್ದು ಹೊಳಿ, ಇಲ್ಲಂದ್ರ ಅಲ್ಲ. ನಡುವಿನ ಮಾತು ನನಗ ಗೊತ್ತಿಲ್ಲ."

ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಅಕ್ಕನಾಗಮ್ಮ ಎದ್ದು ಬಂದಳು. ಕಟ್ಟೆಯ ಮುಂದೆ ಹೆಂಗಸು ಬಂದು ನಿಲ್ಲುವ ರೂಢಿ ಇರಲಿಲ್ಲ. ದುರುಗವ್ವ ಆಗಲೇ ಬಂದು ನಿಂತಿದ್ದರಿಂದ ರೂಢಿ ಹೇಗೂ ಕೆಟ್ಟಿತ್ತು.

"ಏ ಕೊಟ್ರ" ಎಂದಳು ಮಗನಿಗೆ. "ನಾನು ಹೊಳ್ಯಾಗ ಬಂದ್ನೋ, ಸತ್ತ ಎಮ್ಮಿ ಮ್ಯಾಲೆ ಬಂದ್ನೋ? ಹೇಳು. ಎಮ್ಮಿ ಮ್ಯಾಲೆ ಅಂದ್ರ ಇವತ್ತಿನಿಂದ ನಿನ್ನ ಒಲಿ ಮುಟ್ಟಂಗಿಲ್ಲ. ಸೊಸೀನ್ನ, ಮೊಮ್ಮಗನ್ನ ಕರಕಂಡು ಆ ಗಡ್ಡಿಗೆ ಹೋಗಿ ಇರ್ತೀನಿ. ನೀನು ನಿನ್ನ ಸಂದಿ ತಬ್ಬಿಕಂಡು ಮಲಕ್ಕೋ."

ತಬ್ಬಿಕೊಳ್ಳುವ ಮಾತಿಗೆ ಯಾರೋ ಹಿಂದೆ ನಕ್ಕರು. ಕೊಟ್ರಯ್ಯನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಹೊಳಿ" ಎಂದ.

"ಕೇಳಿಸಲಿಲ್ಲ" ಎಂದ ಜಡೆಪ್ಪ.

"ಹೊಳಿ, ಹೊಳಿ, ಹೊಳಿ! ಸಾಕೇನು?"

"ಎಲ್ಲೀ ತನಕ ಹೊಳಿ?"

"ಬಾಗಿಲ ತನಕ."

"ಹಂಗಾರ ಬಾಗಿಲ ತನಕ ಗಂಗವ್ವಂದು. ಗಂಗವ್ವನ ಜಾಗಕ್ಕ ಬೇಲಿ ಹಾಕಾಕ ನೀನ್ಯಾರು? ಕಂಬ ಕೀಳಿಸು. ಆಕಿಗೆ ದಂಡ ಇಲ್ಲ, ನಿಮ್ಮವ್ವಗ ಮೈಲಿಗಿ ಇಲ್ಲ. ಏಳ್ರಿ."

ಕಂಬ ಕಿತ್ತರು. ತೊಟ್ಟಿಲ ಕಾರ್ಯ ನಡೆಯಿತು, ಬೀಗರು ಹೋಳಿಗೆ ಉಂಡರು. ಗಡ್ಡಿಯವರಿಗೆ ಕರೆ ಬರಲಿಲ್ಲ, ಬಂದಿದ್ದರೂ ಹೋಗುತ್ತಿರಲಿಲ್ಲ. ಗೆದ್ದಿದ್ದಕ್ಕೆ ಯಲ್ಲಕ್ಕ ಹಾಡು ಕಟ್ಟಲು ಹೋದಳು. ದುರುಗವ್ವ ಬೈದು ಬಾಯಿ ಮುಚ್ಚಿಸಿದಳು. "ಪಾಲಪ್ಪ ಎದ್ದು ಬರ್ತಾನೇನು, ಹಾಡಾಕ?" ಎಂದಳಂತೆ. ಮರುದಿನ ಹರಿಗೋಲು ಹೊತ್ತು ಸಂದಿಯಲ್ಲಿ ನಡೆದು ಹುಲುಗಪ್ಪನ ಕೇರಿಗೆ ಹೋದಳು. ಅಲ್ಲಿಂದ ಮುಂದೆ ಮುಳ್ಳು ಹೊಕ್ಕು ಗಡ್ಡಿಯ ಒಂದು ಹರಿಗೋಲೂ ಮುಳುಗಲಿಲ್ಲ.

ಇಬ್ಬರೂ ರಾಜಿಯಾದರು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆಗಲಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ, ಹಿಟ್ಲರನ ಯುದ್ಧದ ಕಾಲ, ಇಬ್ಬರಿಗೂ ತಲೆ ನರೆತಿತ್ತು. ಕೊಟ್ರಯ್ಯ ಗಿರಣಿಯನ್ನು ಮಗನಿಗೆ ಬಿಟ್ಟು, ಮತ್ತೆ ಕಟ್ಟಿಸಿದ ಪೂಜೆ ಕೋಣೆಯ ಅದೇ ಕಿಟಕಿಯ ಹಿಂದೆ ಕೂತಿರುತ್ತಿದ್ದ. ಆ ಮಗನೇ ಹೊಳೆಯ ದಿನ ಹುಟ್ಟಿದವನು. ದುರುಗವ್ವನಿಗೆ ಬೆನ್ನು ಬಾಗಿದ್ದರೂ ಹರಿಗೋಲನ್ನು ಬೇರೆಯವರ ತಲೆಗೆ ಕೊಡುತ್ತಿರಲಿಲ್ಲ. ಬೇರೆಲ್ಲೂ ನಿಲ್ಲದವಳು ಆ ಕಿಟಕಿಯ ಮುಂದೆ ಮಾತ್ರ ನಿಂತು, ಹರಿಗೋಲು ಇಳಿಸಿ, ಒಣಗಿದ ತೊಗಲಿನ ಮೇಲೆ ಅಂಗೈಯಿಂದ ಡಬಡಬ ಬಡಿಯುತ್ತಿದ್ದಳು.

ಒಂದು ದಿನ ನೆನಪಿದೆ, ನಡುಬೇಸಿಗೆಯ ಮಟಮಟ ಮಧ್ಯಾಹ್ನ. ಸಂದಿಯ ಮಣ್ಣು ಕಾದು ನಾಯಿ ಕೂಡ ಕಾಲಿಡುತ್ತಿರಲಿಲ್ಲ. ನಾನು ಆಕೆಯ ಹಿಂದೆಯೇ ಬಾಳೆಗೊನೆ ಹೊತ್ತು ಹೊರಟಿದ್ದೆ. ದುರುಗವ್ವ ತೊಗಲು ಬಡಿದು, ಪ್ರತಿ ಸಲ ಕೇಳುವುದನ್ನೇ ಕೇಳಿದಳು.

"ಸಾವ್ಕಾರ್ರ, ಹೊಳಿ ಎಷ್ಟು ಏರೇತ್ರಿ ಇವತ್ತು?"

ಕಿಟಕಿಯ ಹಿಂದಿನಿಂದ ಕೆಮ್ಮು ಬಂತು. ಕೆಮ್ಮಿನ ಹಿಂದೆ ಮಾತು ಬಂತು.

"ನಿನ್ನ ಕುತಿಗಿ ಮಟ ಐತಿ. ಮುಳುಗಿ ಸಾಯೇ ಅದರಾಗ!"

ದುರುಗವ್ವ ಹರಿಗೋಲನ್ನು ಎತ್ತಿ ತಲೆಗೆ ಹಾಕಿಕೊಂಡಳು.

"ಹೊಳಿ ಅಂತ ಇವತ್ತೂ ಒಪ್ಪಿಕಂಡ" ಎಂದು ಆಮೆಯ ಒಳಗಿನಿಂದ ಹೇಳಿ, ಧೂಳು ತುಳಿಯುತ್ತ ಹುಲುಗಪ್ಪನ ಕೇರಿಯ ಕಡೆ ನಡೆದಳು.